ತೂತಿಲ್ಲದ ದೋಣಿಯ ಸುದ್ದಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ವೇದ ಕಲಿಸುತ್ತಿರಲಿಲ್ಲ, ಯೋಗವನ್ನೂ ಕಲಿಸುತ್ತಿರಲಿಲ್ಲ. ಜಾಲತಾಣಕ್ಕೆ ಸುದ್ದಿ ಬರೆಯುವುದನ್ನು ಕಲಿಸುತ್ತಿದ್ದರು. ನಂಬದವರು ಹೋಗಿ ನೋಡಿಕೊಂಡು ಬರಬಹುದು. ದಾರಿ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ.

ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಗಡ್ಡ ಮೊಣಕಾಲಿನವರೆಗೆ ಇತ್ತಂತೆ. ಅಷ್ಟು ಬೇಡ, ಎದೆಯವರೆಗೆ ಅಂತ ಇಟ್ಟುಕೊಳ್ಳೋಣ.

ಶಿಷ್ಯ ಪಂಪಾಪತಿಯ ಬೆರಳು ಬಲು ಚುರುಕು. ಸೀನು ಬರುವ ಮೊದಲೇ ನೆಗಡಿಯ ಸುದ್ದಿ ಹಾಕುವ ಪೈಕಿ.

ಒಂದು ಬೆಳಗ್ಗೆ ಅಂಬಿಗರ ಹುಲಿಗೆಪ್ಪ ತನ್ನ ದೋಣಿಯಿಂದ ಬಕೆಟ್ಟಿನಲ್ಲಿ ನೀರೆತ್ತಿ ಹೊಳೆಗೆ ಚೆಲ್ಲುತ್ತಿದ್ದ. ಪಂಪಾಪತಿ ದಂಡೆಯ ಮೇಲಿಂದಲೇ ಫೋಟೊ ಹೊಡೆದ. ‘ತೂತು ದೋಣಿ: ಪ್ರಯಾಣಿಕರೇ, ಜೀವ ಜೋಪಾನ’ ಅಂತ ಬರೆದು ಹಾಕಿದ.

ಸಂಜೆಯೊಳಗೆ ಲಕ್ಷ ಜನ ಓದಿದರು. ಸಂತೋಷಕ್ಕೆ ಪಂಪಾಪತಿಗೆ ಊಟವೇ ಸೇರಲಿಲ್ಲ.

ಮರುದಿನ ಆಶ್ರಮಕ್ಕೆ ಹಾಲು ತಂದವಳು ನಕ್ಕಳು. “ತೂತೆಲ್ಲಿ ಬಂತಪ್ಪ? ದೋಣಿಯಾಗ ಕುರಿ ದಾಟಿಸಿದ್ದ. ಹಿಕ್ಕಿ ತೊಳೀಲಿಕ್ಕೆ ತಾನೇ ನೀರು ಸುರದು, ತಾನೇ ಚೆಲ್ಲತಿದ್ದ.”

ಪಂಪಾಪತಿ ಓಡಿಹೋಗಿ ಸುದ್ದಿಯಿಂದ ತೂತನ್ನು ತೆಗೆದ. ತಲೆಬರಹ ‘ದೋಣಿ ತೊಳೆದ ಅಂಬಿಗ’ ಎಂದಾಯಿತು.

“ಅಜ್ಜಾರ, ಒಂದು ತಪ್ಪಾಗಿತ್ತು, ಅಳಿಸಿಬಿಟ್ಟೆ. ಕಾಗದದ ಪತ್ರಿಕೆಯಾಗಿದ್ದರೆ ಕಲೆ ಉಳಿಯುತ್ತಿತ್ತು. ಇಲ್ಲಿ ಗುರುತೇ ಇಲ್ಲ ನೋಡಿ.”

“ಭೇಷ್,” ಅಂದರು ಅಜ್ಜಾರು. “ಬಕೆಟ್ ತಗೊಂಡು ಬಾ.”

ಇಬ್ಬರೂ ಹೊಳೆಗೆ ಇಳಿದರು. ಹುಲಿಗೆಪ್ಪ ದೋಣಿಯ ಪಕ್ಕದಲ್ಲಿ ಒಬ್ಬನೇ ಕೂತಿದ್ದ. ಜನ ಬಿಸಿಲಲ್ಲಿ ದೂರದ ಸೇತುವೆಯ ಕಡೆ ನಡೆದುಹೋಗುತ್ತಿದ್ದರು. ಹೀಗೇ ನಡೆದರೆ ಅವನು ದೋಣಿ ಮಾರುವುದೊಂದೇ ಬಾಕಿ.

“ಏನ್ ತಮ್ಮಾ,” ಅಂದ ಹುಲಿಗೆಪ್ಪ, “ಮುಳುಗೋ ದೋಣಿ ಹತ್ತಾಕ ಬಂದ್ಯಾ? ಈಜು ಬರ್ತದೇನು?”

ಪಂಪಾಪತಿ ತಲೆ ತಗ್ಗಿಸಿದ.

“ಒಳಗೆ ಕೂತು ನೀರು ಎತ್ತಿ ಹಾಕು,” ಅಂದರು ಅಜ್ಜಾರು.

“ನೀರೆಲ್ಲಿದೆ ಅಜ್ಜಾರ? ಒಣಗಿ ಭಣಭಣ ಅನ್ನುತ್ತಿದೆ.”

“ತೂತು?”

“ತೂತೂ ಇಲ್ಲ.”

“ಮತ್ತೆ ಜನ ಯಾಕೆ ಹತ್ತುತ್ತಿಲ್ಲ?”

ಪಂಪಾಪತಿ ಸೇತುವೆಯ ಕಡೆ ಹೋಗುವವರನ್ನು ನೋಡಿದ.

“ಅವರ ತಲೆಯೊಳಗೆ ಇನ್ನೂ ತೂತಿದೆ.”

“ಅಳಿಸು.”

“ಅಲ್ಲಿಗೆ ನನ್ನ ಬೆರಳು ಮುಟ್ಟುವುದಿಲ್ಲ.”

“ಬೆರಳು ಮುಟ್ಟದ ಕಡೆ ಹೆಸರು ಮುಟ್ಟುತ್ತದೆ.”

“ಹೆಸರು ಹಾಕಿ ತಪ್ಪು ಒಪ್ಪಿಕೊಂಡರೆ ನನ್ನನ್ನು ಯಾರು ಓದುತ್ತಾರೆ? ನಗುತ್ತಾರೆ.”

ಅಜ್ಜಾರು ಪಂಚೆ ಎತ್ತಿಕಟ್ಟಿ, ದೋಣಿ ಹತ್ತಿ ಕೂತರು.

ಪಂಪಾಪತಿ ಫೋನ್ ತೆಗೆದ. ಸುದ್ದಿಯ ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ ಬರೆದ. ಹಾಕುವ ಮೊದಲು ಹುಲಿಗೆಪ್ಪನ ಎದುರು ಓದಿದ. “ಈ ದೋಣಿ ತೂತಾಗಿದೆ ಎಂದು ನಾನು ಬರೆದದ್ದು ಸುಳ್ಳು. ದೂರದಿಂದ ನೋಡಿದೆ, ಹತ್ತಿರ ಹೋಗಿ ಕೇಳಲಿಲ್ಲ. ದೋಣಿ ಗಟ್ಟಿಯಾಗಿದೆ. ಪಂಪಾಪತಿ.”

ಹುಲಿಗೆಪ್ಪ ಕೆನ್ನೆ ಕೆರೆದುಕೊಂಡ. “ಕುರಿ ಹಿಕ್ಕಿದೂ ಹಾಕು. ಜನ ನಂಬ್ತಾರ.”

ಅದನ್ನೂ ಹಾಕಿದ. ಅದಕ್ಕೆ ಎಂಥ ಗುಂಡಿಗೆ ಬೇಕು ಅನ್ನುವುದು ಹಾಗೆ ಬರೆದವರಿಗೇ ಗೊತ್ತು.

ಗೇಲಿ ಬರಲು ತಡವಾಗಲಿಲ್ಲ. ‘ಮೊದಲು ನಿನ್ನ ತಲೆಯ ತೂತು ಮುಚ್ಚಿಕೋ’ ಅಂತ ಒಬ್ಬ ಬರೆದ. ಪಂಪಾಪತಿ ಅದನ್ನು ಅಳಿಸಲಿಲ್ಲ.

ಹೊತ್ತು ನೆತ್ತಿಗೆ ಬಂತು. ಅಜ್ಜಾರು ದೋಣಿಯಿಂದ ಇಳಿಯಲಿಲ್ಲ. ಕೂತಲ್ಲೇ ಒಂದು ನಿದ್ದೆಯನ್ನೂ ತೆಗೆದರು.

ಆಗ ಬಳೆಗಾರ್ತಿಯೊಬ್ಬಳು ಬುಟ್ಟಿ ಹೊತ್ತು ದಂಡೆ ಇಳಿದಳು. ಪಂಪಾಪತಿಯನ್ನು ಮೇಲಿಂದ ಕೆಳಗೆ ನೋಡಿದಳು. “ನೀನೇ ಏನು ಆ ಸುಳ್ಳುಗಾರ? ಬುಟ್ಟಿ ಹಿಡಿ, ಹತ್ತಬೇಕು.” ಅವಳ ಹಿಂದೆಯೇ ಮೇವಿನ ಹೊರೆಯ ಗಂಡ ಹೆಂಡಿರು ಬಂದರು.

ಹುಲಿಗೆಪ್ಪ ಹುಟ್ಟು ಕೈಗೆತ್ತಿಕೊಂಡ.

ದೋಣಿ ಹತ್ತಿ ಕೂತ ಪಂಪಾಪತಿ ಮಾತ್ರ ಫೋನನ್ನೇ ನೋಡುತ್ತ ನಿಟ್ಟುಸಿರು ಬಿಟ್ಟ. “ಅಜ್ಜಾರ, ಸುಳ್ಳನ್ನು ಲಕ್ಷ ಜನ ಓದಿದ್ದರು. ಇದನ್ನು ನೂರು ಜನವೂ ಓದಿಲ್ಲ.”

ಅಜ್ಜಾರು ಮೇವಿನ ಹೊರೆಗೆ ಜಾಗ ಮಾಡಿಕೊಟ್ಟರು.

“ಸರಿದು ಕೂಡು. ಈ ದೋಣಿಯಲ್ಲಿ ಹಿಡಿಸೋದೇ ಎಂಟು ಜನ.”