ವಸ್ತಾದರ ಬಾಯಾರಿಕೆ

ಕೃಷ್ಣಾ ನದಿಯ ದಂಡೆಗೆ ಒಂದು ಗರಡಿಮನೆ. ಆ ಸೀಮೆಯಲ್ಲಿ ಕುಸ್ತಿ ಕಲಿಸುವ ಗುರುವನ್ನು ವಸ್ತಾದ ಎಂದು ಕರೆಯುತ್ತಾರೆ. ಈ ಗರಡಿಯ ವಸ್ತಾದರು ದುಂಡಪ್ಪನವರು.

ಅರವತ್ತೆಂಟು ವರ್ಷ. ಮುಂದೆ ಬಂದ ಹೊಟ್ಟೆ, ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದುಡಿಹೋದ ಎರಡು ಕಿವಿ. ಅವರ ಫೋಟೋ ತೆಗೆಯಬೇಕೆಂದು ಯಾರಿಗೂ ಅನಿಸಿದ್ದಿಲ್ಲ. ಅವರಿಗೂ ತೆಗೆಸಿಕೊಳ್ಳಬೇಕೆಂದು ಅನಿಸಿದ್ದಿಲ್ಲ.

ಅವರ ಶಿಷ್ಯ ಶ್ರೀಶೈಲನಿಗೆ ಇಪ್ಪತ್ಮೂರು ವರ್ಷ. ಹತ್ತು ವರ್ಷದಿಂದ ಇದೇ ಮಣ್ಣಿನಲ್ಲಿ ಹೊರಳಿ ಬೆಳೆದವನು. ಈಚೆಗೆ ಅವನ ಹೆಸರು ಗರಡಿಗಿಂತ ಹೆಚ್ಚಾಗಿ ಮೊಬೈಲಿನಲ್ಲಿ ಓಡಾಡುತ್ತಿತ್ತು. ನಲವತ್ತು ಸಾವಿರ ಜನ ದಿನಾ ಅವನ ಮೈ ನೋಡುತ್ತಿದ್ದರು, ಭಲೇ ಎನ್ನುತ್ತಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ಅವನು ಬನಿಯನ್ ಹಾಕಿಕೊಂಡೇ ಅಖಾಡದ ಅಂಚಿಗೆ ಬಂದು ನಿಂತ.

"ವಸ್ತಾದ್ರ, ಒಂದು ಮಾತೈತ್ರಿ."

"ಹೇಳು."

"ಹಾಲು, ತುಪ್ಪ, ರೊಟ್ಟಿ ಅಂತ ನಾವಿನ್ನೂ ಹಳೇದನ್ನ ಹಿಡಕೊಂಡು ಕುಂತೀವ್ರಿ. ನಂದೊಂದು ಹೊಸಾ ಪದ್ಧತಿ ಐತಿ. ನಲವತ್ತು ಸಾವಿರ ಮಂದಿ ಕಲ್ಯಾಕತ್ತಾರ. ನಮ್ಮ ಹುಡುಗ್ರಿಗೂ ಕಲಿಸ್ತೀನ್ರಿ."

"ತೋರಿಸು."

ಶ್ರೀಶೈಲ ಮೊಬೈಲ್ ಹಿಡಿದ. ಅದರಲ್ಲಿ ಅವನೇ ನಿಂತಿದ್ದ, ಮೈಗೆ ಎಣ್ಣೆ ಹಚ್ಚಿಕೊಂಡು. ಹೊಟ್ಟೆಯ ಮೇಲೆ ಆರು ಗಂಟು, ತೋಳಿನ ತುಂಬ ಎದ್ದು ನಿಂತ ನರ. ಅಲ್ಲಿನ ಶ್ರೀಶೈಲ ಹೇಳುತ್ತಿದ್ದ: "ಇದು ನನ್ನ ದಿನದ ಮೈ, ಯಾವಾಗ್ಲೂ ಹಿಂಗ ಇರ್ತೈತಿ. ಉಪ್ಪು ಬಿಡ್ರಿ, ರೊಟ್ಟಿ ಬಿಡ್ರಿ. ಕಡೀಕ ಎರಡು ದಿನ ನೀರೂ ಬಿಡ್ರಿ. ಒಂದು ಹನೀನೂ ಬ್ಯಾಡ. ಮನಸ್ಸು ಗಟ್ಟಿ ಇದ್ದಾಂವ ಮಾಡ್ತಾನ, ಇಲ್ಲದಾಂವ ನೆಪಾ ಹೇಳ್ತಾನ."

ವಸ್ತಾದರು ಎರಡು ಸಲ ನೋಡಿದರು. ಬೈಗುಳ ಬರುತ್ತದೆಂದು ಶ್ರೀಶೈಲ ಕಾದ. ಬರಲಿಲ್ಲ.

"ಮಂದಿ ಏನಂತಾರ?"

ಶ್ರೀಶೈಲ ಹುರುಪಿನಿಂದ ಓದಿದ. "ನೋಡ್ರಿ, ಇಲ್ಲೊಬ್ಬಾಂವ ಬರದಾನ. ‘ಅಣ್ಣಾ, ನಾನೂ ನಿನ್ನೆಯಿಂದ ನೀರು ಬಿಟ್ಟೀನಿ’ ಅಂತ."

"ಯಾವೂರಾಂವ?"

"ಗೊತ್ತಿಲ್ರಿ."

"ವಯಸ್ಸೆಷ್ಟು?"

"ಹೆಂಗ ಗೊತ್ತಾಗಬೇಕ್ರಿ?"

"ಅವನ ಮೈಯಾಗ ಏನರ ಬ್ಯಾನಿ ಐತೇನು?"

ಶ್ರೀಶೈಲ ಮೊಬೈಲ್ ಕೆಳಗಿಳಿಸಿದ. ವಸ್ತಾದರು ಹೂಂ ಎಂದರು.

ಆ ಗರಡಿಯಲ್ಲಿ ಒಂದು ಕಟ್ಟುಪಾಡು ಇತ್ತು. ಹೊರಗಿನಿಂದ ಯಾರೇ ಹೊಸ ಪಟ್ಟು ಕಲಿತು ಬಂದರೂ, ಮೊದಲು ಅದನ್ನು ವಸ್ತಾದರ ಮೈಮೇಲೆ ಹಾಕಬೇಕು. ಮುರಿದರೆ ಅವರ ಮೂಳೆ ಮುರಿಯಲಿ. ಅವರು ಎದ್ದು, ಮಣ್ಣು ಕೊಡವಿಕೊಂಡು, ಆಗಬಹುದು ಎಂದ ಮೇಲೆಯೇ ಹುಡುಗರ ಸರದಿ. ಹೀಗೆ ದುಂಡಪ್ಪನವರ ಹೆಗಲು ಎರಡು ಸಲ ಜಾರಿತ್ತು. ಕಟ್ಟುಪಾಡು ಮಾತ್ರ ಜಾರಿರಲಿಲ್ಲ.

"ಹಂಗಾರ ಮೊದಲು ನನಗ ಕಲಿಸು" ಎಂದರು ವಸ್ತಾದರು.

"ನಿಮಗ್ಯಾಕ್ರಿ?"

"ಪದ್ಧತಿ ಮರತಿಯೇನು? ಇದರಾಗ ಇವತ್ತಿನಿಂದ ನೀ ಗುರು, ನಾ ಶಿಷ್ಯಾ."

ಹಾಗೆಂದವರೇ ಗುದ್ದಲಿ ಎತ್ತಿಕೊಂಡು ಅಖಾಡದ ಮಣ್ಣು ಅಗೆಯಲು ಇಳಿದರು. ಅದು ಅವರ ದಿನದ ಕೆಲಸ.

ಮಧ್ಯಾಹ್ನ ಅವರ ಹೆಂಡತಿ ಬಸಲಿಂಗವ್ವ ಮಜ್ಜಿಗೆ ತಂದಳು. ಬಿಸಿಲು ಕೆಂಡ ಸುರಿಯುತ್ತಿತ್ತು.

"ಒಯ್ದುಬಿಡು. ಗುರುಗಳ ಅಪ್ಪಣಿ ಇಲ್ಲ" ಎಂದರು ವಸ್ತಾದರು.

"ಯಾವ ಗುರುಗಳು?"

ವಸ್ತಾದರು ಶ್ರೀಶೈಲನತ್ತ ಬೆರಳು ತೋರಿಸಿದರು. ಬಸಲಿಂಗವ್ವ ಹೊಸ ಗುರುಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಜ್ಜಿಗೆಯ ಚೆಂಬು ಎತ್ತಿಕೊಂಡು ಹೋದಳು.

ಶ್ರೀಶೈಲನಿಗೆ ನಗು ಬಂತು. ಸಂಜೆಯೊಳಗೆ ಮುದುಕರ ಹಠ ಇಳಿಯುತ್ತದೆ ಎಂದುಕೊಂಡ.

ಸಂಜೆಯಾಯಿತು. ವಸ್ತಾದರ ತುಟಿ ಒಡೆದಿತ್ತು. ನದಿಯಲ್ಲಿ ಕಾಲು ತೊಳೆದರು, ಬಾಯಿ ಮುಕ್ಕಳಿಸಲಿಲ್ಲ.

"ವಸ್ತಾದ್ರ, ಇದು ವಯಸ್ಸಾದವರಿಗೆ ಅಲ್ರಿ."

"ಮೊಬೈಲಿನಾಗ ನೀ ವಯಸ್ಸಿನ ಮಾತು ಆಡಿಯೇನು?"

"ಇಲ್ರಿ."

"ಹಂಗಾರ ನನಗೂ ಸೇರಿದ್ದು."

"ಆದ್ರೂ..."

"ಮನಸ್ಸು ಗಟ್ಟಿ ಇಲ್ಲದಾಂವ ನೆಪಾ ಹೇಳ್ತಾನಂತ. ನನ್ನ ಮನಸ್ಸು ಗಟ್ಟಿ ಐತಿ."

ಶ್ರೀಶೈಲನ ನಗು ಅಲ್ಲಿಗೆ ನಿಂತಿತು.

ಮರುದಿನ ಬೆಳಿಗ್ಗೆ ಅವನು ಓಡುತ್ತಲೇ ಬಂದ. ವಸ್ತಾದರು ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಒಳಗೆ ಹೋಗಿದ್ದವು. ಕೈ ಗುದ್ದಲಿಯ ಹಿಡಿಯ ಮೇಲಿತ್ತು.

ಶ್ರೀಶೈಲ ತಂಬಿಗೆ ತುಂಬ ನೀರು ತಂದು ಮುಂದೆ ಹಿಡಿದ.

"ಎರಡು ಗುಟುಕು ಕುಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದು ಹನೀನೂ ಬ್ಯಾಡ ಅಂದೀ."

"ನಾ ಗುರು ಅಲ್ರೇನು? ನಾನ ಅಪ್ಪಣಿ ಕೊಡ್ತೀನಿ, ಕುಡೀರಿ."

ವಸ್ತಾದರು ತಲೆ ಅಲ್ಲಾಡಿಸಿದರು. ಅವರ ದನಿ ಒಣಗಿತ್ತು, ಆದರೆ ಅಳುಕಿರಲಿಲ್ಲ.

"ಅಲ್ಲಿ ಕುಡೀಬ್ಯಾಡ ಅಂತಿ, ಇಲ್ಲಿ ಕುಡಿ ಅಂತಿ. ಶಿಷ್ಯಾ ಯಾವುದನ್ನ ನಂಬಬೇಕು? ಯಾವುದು ಖರೆ ಅನ್ನೂದು ಮೊದಲು ಹೇಳು. ಆಮ್ಯಾಲ ಕುಡೀತೀನಿ."

ಶ್ರೀಶೈಲ ತಂಬಿಗೆ ಕೆಳಗಿಟ್ಟ.

ಬಾಗಿಲಲ್ಲಿ ನಿಂತಿದ್ದ ಬಸಲಿಂಗವ್ವ ಹೇಳಿದಳು: "ಇವರ ಹಠದ ಮುಂದ ನಾ ನಲವತ್ತು ವರ್ಷದಾಗ ಒಂದ ಸಲಾನೂ ಗೆದ್ದಿಲ್ಲಪಾ. ನೀ ಏನು ಮುಚ್ಚಿಟ್ಟೀಯೋ ಹೇಳಿಬಿಡು. ನನ್ನ ಮುತ್ತೈದಿತನ ನಿನ್ನ ಬಾಯಾಗ ಐತಿ."

ಶ್ರೀಶೈಲ ಆಗಲೂ ಹೇಳಲಿಲ್ಲ. ಹೇಳಿದರೆ ಏನು ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಭಲೇ ಎನ್ನುವ ನಲವತ್ತು ಸಾವಿರ ಬಾಯಿ ಸುಮ್ಮನಾಗುತ್ತವೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು. ವಸ್ತಾದರ ಕಣ್ಣಲ್ಲಿ ತಾನು ಸಣ್ಣವನಾಗುತ್ತೇನೆ ಎಂದು ಅವನು ಹೆದರಿದ್ದ.

"ಇರಲಿ ಬಿಡು. ಮಣ್ಣು ಕಾಯಾಕತ್ತೈತಿ" ಎಂದು ವಸ್ತಾದರು ಗುದ್ದಲಿ ಊರಿ ಎದ್ದರು.

ಎರಡು ಹೆಜ್ಜೆ ಇಟ್ಟರು. ಮೊಣಕಾಲು ಮಡಚಿತು.

ಶ್ರೀಶೈಲ ಹಾರಿ ಹಿಡಿದುಕೊಂಡ. ಎದೆಗೆ ಎದೆ ಒತ್ತಿತು. ಈ ಮೈಯ ಮೇಲೆಯೇ ಅವನು ಎಲ್ಲ ಪಟ್ಟುಗಳನ್ನು ಕಲಿತಿದ್ದ. ಈ ಹೊಟ್ಟೆಯ ಭಾರದ ಕೆಳಗೆ ಸಾವಿರ ಸಲ ಚಿತ್ ಆಗಿದ್ದ. ಆ ಮೈ ಈಗ ಅವನ ಕೈಯಲ್ಲಿ ಜೋಲುತ್ತಿತ್ತು, ಮುಟ್ಟಿದರೆ ಸುಡುತ್ತಿತ್ತು. ಅವನಿಗೆ ಅಳು ತಡೆಯಲಾಗಲಿಲ್ಲ.

"ಸುಳ್ರಿ ಅದು. ಎಲ್ಲಾ ಸುಳ್ಳು."

"ಯಾವುದು ಸುಳ್ಳು?"

"ದಿನದ ಮೈ ಅಂದದ್ದು. ಅದು ಒಂದು ತಾಸಿನ ಮೈ ರೀ. ಎರಡು ದಿನ ನೀರು ಬಿಟ್ಟು ವಿಡಿಯೋ ತಗಿಸಿದೆ. ತಗದು ಮುಗಿಯೂದ ತಡ, ಸ್ಟುಡಿಯೋದ ಮೆಟ್ಟಲ ಮ್ಯಾಲ ಬಿದ್ದೆ. ದವಾಖಾನ್ಯಾಗ ಸಲಾಯಿನ್ ಏರಿಸಿದ್ರು. ನಿಮಗ ಅಕ್ಕನ ಊರಿಗೆ ಹೋಗಿದ್ದೆ ಅಂತ ಹೇಳಿದೆ."

ವಸ್ತಾದರನ್ನು ಗೋಡೆಗೆ ಒರಗಿಸಿ ಕೂರಿಸಿ ಶ್ರೀಶೈಲ ಉಳಿದದ್ದನ್ನೂ ಹೇಳಿದ.

"ಮರುದಿನ ನೀರು ಕುಡದೆ, ರೊಟ್ಟಿ ತಿಂದೆ, ಆ ಮೈ ಹೋತು. ಮಂದಿ ಮಾತ್ರ ಅದನ್ನ ನೋಡಾಕತ್ತಾರ. ನಾನೂ ಅದನ್ನ ನೋಡ್ತೀನ್ರಿ. ಕನ್ನಡಿ ಮುಂದ ನಿಂತ್ರ ಇಂವ ಯಾವ ಹೊಟ್ಟಿಬಾಕ ಅನಸ್ತೈತಿ. ಅದಕ್ಕ ಬನಿಯನ್ ತಗಿಯಾಕ ನಾಚಿಕಿ. ಕುಸ್ತಿ ಹಿಡಿಯುವಾಗೂ ಹೊಟ್ಟಿ ಒಳಗ ಎಳಕೊಂಡು ಹಿಡೀತೀನಿ, ಉಸರ ಸಾಲೂದಿಲ್ಲ. ನನ್ನ ಮೈ ನನಗ ಬ್ಯಾಡಾಗೇತ್ರಿ, ವಸ್ತಾದ್ರ."



ವಸ್ತಾದರು ಕೈ ಚಾಚಿದರು. ಶ್ರೀಶೈಲ ತಂಬಿಗೆ ಕೊಟ್ಟ.

ಅವರು ಗುಟುಕು ಗುಟುಕಾಗಿ ಕುಡಿದರು. ತಂಬಿಗೆ ಖಾಲಿಯಾಯಿತು. ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ತುಂಬಿ ತಂದಳು, ಈ ಸಲ ಒಂದು ಚಿಟಿಕೆ ಉಪ್ಪು, ಒಂದು ತುಣುಕು ಬೆಲ್ಲ ಕದಡಿ. ಅದನ್ನೂ ಕುಡಿದರು. ಮುಖಕ್ಕೆ ನಿಧಾನವಾಗಿ ಜೀವ ಬಂತು.

"ಆ ಬನಿಯನ್ ತಗಿ" ಎಂದರು.

ಶ್ರೀಶೈಲ ತಗ್ಗಿಸಿದ ತಲೆ ಎತ್ತದೆ ತೆಗೆದ. ವಸ್ತಾದರು ಒಂದು ಹಿಡಿ ಕೆಮ್ಮಣ್ಣು ತೆಗೆದುಕೊಂಡು ಅವನ ಎದೆಗೆ, ಹೆಗಲಿಗೆ, ಹೊಟ್ಟೆಗೆ ಉಜ್ಜಿದರು. ಕುಸ್ತಿಗೆ ಇಳಿಯುವ ಮೊದಲು ಹತ್ತು ವರ್ಷದಿಂದ ಉಜ್ಜುತ್ತಿದ್ದ ಹಾಗೆಯೇ.

"ಹತ್ತು ವರ್ಷ ನಾ ಕೈಯಾರೆ ಮಾಡಿದ ಮೈ ಇದು. ಇದರಾಗ ಏನು ಕಡಿಮಿ ಐತಿ ಅಂತ ಯಾರರ ನನ್ನ ಮುಂದ ಬಂದು ಹೇಳ್ಲಿ, ನೋಡೂಣು."

ಶ್ರೀಶೈಲ ಅವರ ಕಾಲು ಹಿಡಿದುಕೊಂಡ. ಎಲ್ಲ ಮುಗಿಯಿತು ಎಂದುಕೊಂಡ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು.

ವಸ್ತಾದರು ಶ್ರೀಶೈಲನ ಜೇಬಿನಿಂದ ಕೆಳಗೆ ಬಿದ್ದಿದ್ದ ಮೊಬೈಲ್ ಎತ್ತಿದರು. ಮಣ್ಣು ಒರೆಸಿ ಅವನ ಕೈಯಲ್ಲಿ ಇಟ್ಟರು.

"ನನಗ ಖರೆ ಹೇಳಿದಿ, ನಾ ಕುಡದೆ. ನಿನ್ನ ಉಳಿದ ಶಿಷ್ಯರು ಇನ್ನೂ ಬಾಯಿ ಒಣಗಿಸಿಕೊಂಡು ಕುಂತಾರ."

ಶ್ರೀಶೈಲ ಕೈಯಲ್ಲಿದ್ದ ಮೊಬೈಲಿನತ್ತ ನೋಡಿದ.

"ಇದನ್ನ ಅವರಿಗೆ ಹೇಳಿದ್ರ ಒಬ್ಬನೂ ಉಳಿಯೂದಿಲ್ರಿ. ಎಲ್ಲಾರೂ ನನ್ನ ಬಿಟ್ಟು ಹೋಗ್ತಾರ."

"ಹೋಗ್ಲಿ ತಮ್ಮಾ" ಎಂದರು ವಸ್ತಾದರು. "ನೀರು ಕುಡದು ಹೋಗ್ಲಿ."