ವಡೆ ಬರುವ ತನಕ

ತಾಯಿಯ ತಿಥಿಗೆಂದು ಮಗ ತಾರಸಿಯ ಮೇಲೆ ಎಲೆ ಹಾಸಿ ಪಿಂಡದ ಅನ್ನ ಇಟ್ಟ. ಪಕ್ಕದ ಮರದಲ್ಲಿ ಕೂತಿದ್ದ ಹಸಿದ ಸೊಸೆಕಾಗೆ ರೆಕ್ಕೆ ಬಿಚ್ಚಿದ್ದೇ ತಡ, ಅತ್ತೆಕಾಗೆ ಗದರಿತು.

“ತಡಿಯೇ ಮಾರಾಯ್ತಿ! ಈಗಲೇ ಮುಟ್ಟಿದರೆ ಬರೀ ಅನ್ನ. ಸುಮ್ಮನಿದ್ದರೆ, ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ವಡೆ ತರುತ್ತಾರೆ.”

“ಇದನ್ನೆಲ್ಲ ಯಾರು ಹೇಳಿಕೊಟ್ಟರು ಅತ್ತೆ?”

“ಯಾರು ಹೇಳಿಕೊಡಬೇಕು? ವಡೆಯೇ ಕಲಿಸಿತು.”

ಮಗ ವಡೆ ತಂದಿಟ್ಟ. ಕಾಗೆಗಳು ಕದಲಲಿಲ್ಲ. ತಾಯಿಗೆ ಇಷ್ಟವಾಗಿದ್ದ ಕಜ್ಜಾಯವನ್ನೂ ಇಟ್ಟ. ಸೊಸೆಕಾಗೆ ಮತ್ತೆ ರೆಕ್ಕೆ ಬಿಚ್ಚಿತು, ಆದರೂ ಅತ್ತೆಕಾಗೆ ಅಲುಗಲಿಲ್ಲ. ಕೊನೆಗೆ ಅವನು, ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದ ತಂಗಿಯತ್ತ ನೋಡಿ, ಕಾಗೆಗಳತ್ತ ತಿರುಗಿ ಕೈಮುಗಿದ.

“ಗೊತ್ತಾಯ್ತಮ್ಮ. ಇವಳನ್ನ ಮನೆಯಿಂದ ಕಳಿಸಲ್ಲ. ಇನ್ನಾದರೂ ತಿನ್ನು.”

“ದನಿ ನಡುಗಿತು ನೋಡು. ಈ ಮನುಷ್ಯರ ದನಿ ನಡುಗಿದ ಮೇಲೆ ಒಳಗಿಂದ ಇನ್ನೇನೂ ಬರುವುದಿಲ್ಲ, ನಡಿ,” ಎಂದು ಅತ್ತೆ ಎಲೆಗೆ ಹಾರಿತು. ಸೊಸೆ ಹಿಂದೆಯೇ ಹೋಯಿತು.

ಅವು ಕುಕ್ಕಿ ತಿನ್ನುತ್ತಿದ್ದಂತೆ ಅಣ್ಣ ತಂಗಿ ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು.

“ಯಾಕತ್ತೆ ಅಳ್ತಿದ್ದಾರೆ?”

“ನನಗೇನು ಗೊತ್ತು? ನಾನು ಕಲಿತದ್ದು ವಡೆಯ ಮಟ್ಟಿಗೆ.”

ಸೊಸೆಕಾಗೆ ಕಜ್ಜಾಯ ಕಚ್ಚಿಕೊಂಡು ತಲೆಯೆತ್ತಿತು. ತಂಗಿ ತನ್ನ ಗಂಟನ್ನು ಮತ್ತೆ ಒಳಗೆ ಒಯ್ಯುತ್ತಿದ್ದಳು.