ಕಾಲು ತೊಳೆಯುವ ನೀರು

ಸಕ್ಕರೆ ಕಾರ್ಖಾನೆಯ ದೊಡ್ಡ ಪ್ಯಾನಿನಲ್ಲಿ ಕಬ್ಬಿನ ಪಾಕ ಕುದಿಸುವವನು ಸಣ್ಣಸ್ವಾಮಿ. ಹೊಸ ಮ್ಯಾನೇಜರ್ ಜಯದೇವಪ್ಪನವರಿಂದ ಅವನಿಗೆ ಹುಕುಂ ಬಂತು: "ಸಂಜೆಯೊಳಗೆ ವ್ಯಾಕ್ಯೂಮ್ ಏರದಿದ್ದರೆ ಕೆಲಸ ಬಿಟ್ಟು ನಡಿ."

ಪ್ಯಾನಿನೊಳಗೆ ವ್ಯಾಕ್ಯೂಮ್, ಅಂದರೆ ನಿರ್ವಾತ, ಇದ್ದರೆ ಪಾಕ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಬಿದ್ದರೆ ಸೀಯುತ್ತದೆ. ಪಾಕದ ಹಬೆಗೆ ತಣ್ಣೀರು ಬಿದ್ದರಷ್ಟೇ ವ್ಯಾಕ್ಯೂಮ್ ನಿಲ್ಲುವುದು. ಹಬೆಯಿಂದ ಬಿಸಿಯಾದ ಆ ನೀರು ಮತ್ತೆ ಬಳಕೆಗೆ ಬರಲು ಅಂಗಳದ ಹೊಂಡದ ಕಾರಂಜಿಯಲ್ಲಿ ಚಿಮ್ಮಿ ಆರಬೇಕು. ಹೊಂಡದ ಪಕ್ಕ ನಿಲ್ಲಿಸುವ ತಮ್ಮ ಬಿಳಿ ಕಾರಿನ ಮೇಲೆ ಹನಿ ಬಿದ್ದು ಕಲೆಯಾಗುತ್ತದೆಂದು ಹೋದ ವಾರ ಕಾರಂಜಿ ನಿಲ್ಲಿಸಿದ್ದವರು ಮ್ಯಾನೇಜರೇ. ನಿಲ್ಲಿಸುವುದು ಬೇಡವೆಂದ ಫಿಟ್ಟರನಿಗೆ ಬೈಗುಳ ಸಿಕ್ಕಿತ್ತು.

ಸಣ್ಣಸ್ವಾಮಿ ವಾದಕ್ಕೆ ಹೋಗಲಿಲ್ಲ. ಪ್ಯಾನಿನ ಅಟ್ಟಕ್ಕೆ ಯಾರೇ ಹತ್ತಲಿ, ಮೆಟ್ಟಿಲ ಬುಡದ ತೊಟ್ಟಿಯಲ್ಲಿ ಕಾಲು ತೊಳೆಯುವುದು ಅಲ್ಲಿನ ಪದ್ಧತಿ. ಆ ತೊಟ್ಟಿಗೆ ಹೊಂಡದ ನೀರು ತುಂಬಿಸಿದ.

ಸಂಜೆ ಮ್ಯಾನೇಜರ್ ಸಾಹೇಬರು ಬಂದು ಬೂಟು ಕಳಚಿ ಕಾಲಿಟ್ಟರು. ಇಟ್ಟ ಕಾಲನ್ನು ಸರಕ್ಕನೆ ಎತ್ತಿ ಕೊಕ್ಕರೆಯಂತೆ ನಿಂತುಬಿಟ್ಟರು.

"ನೀರು ಕಾಯಿಸಿದವನು ಯಾವನೋ?"

"ಕಾಯಿಸಿದ್ದು ಪ್ಯಾನು ಸ್ವಾಮಿ. ಆರಿಸೋದು ಬೇಡ ಅಂದೋರು ತಾವು. ಒಂದು ವಾರದಿಂದ ಈ ನೀರಲ್ಲೇ ಹಬೆ ತಣಿಸ್ತಾ ಇದ್ದೀನಿ."

ಸಾಹೇಬರು ಕೆಂಪಾದ ಪಾದ ನೋಡಿದರು, ಅಲುಗದೆ ಹಬೆಯಾಡುತ್ತಿದ್ದ ಹೊಂಡ ನೋಡಿದರು, ಪಕ್ಕದಲ್ಲಿ ಮಿಂಚುತ್ತಿದ್ದ ಕಾರು ನೋಡಿದರು. ಕಡೆಗೆ ಜೇಬಿನಿಂದ ಕಾರಿನ ಕೀ ತೆಗೆದು ಅವನತ್ತ ಚಾಚಿದರು.

"ನಂಗೆ ಕಾರು ಓಡಿಸೋಕೆ ಬರಕ್ಕಿಲ್ಲ ಸ್ವಾಮಿ," ಅಂದ ಸಣ್ಣಸ್ವಾಮಿ. "ತಾವೇ ಗೇಟಿನ ಹತ್ರ ನಿಲ್ಸಿ ಬನ್ನಿ. ಕಾರಂಜಿ ನಾನು ಬಿಡ್ತೀನಿ. ನಾಳೆ ಕಾಲು ತೊಳೆಯೋಕೆ ತಣ್ಣೀರೇ ಸಿಗ್ತದೆ."